ಮಾಳಿಗೆಗೆ ಮಣ್ಣು ಹಾಕೋರು ಯಾರು?

ಪ್ರತಿ ಮಳೆಗಾಲದಲ್ಲಿ ನಮ್ಮ ಪತ್ರಿಕೆಯಲ್ಲಿ ಒಂದು ಸುದ್ದಿ ಬರುತ್ತದೆ. ಮೂರೇ ಸಾಲು. ಸತತ ಮಳೆಗೆ ಇಂಥ ತಾಲೂಕಿನ ಇಂಥ ಗ್ರಾಮದಲ್ಲಿ ಮಾಳಿಗೆ ಮನೆ ಕುಸಿದು ವೃದ್ಧೆಯೊಬ್ಬಳು ಮೃತಪಟ್ಟಿದ್ದಾಳೆ. ತಹಶೀಲ್ದಾರರು ಸ್ಥಳಕ್ಕೆ ಭೇಟಿ ನೀಡಿದರು. ಠಾಣೆಯಲ್ಲಿ ಪ್ರಕರಣ ದಾಖಲಾಗಿದೆ. ಊರಿನ ಹೆಸರು ಬದಲಾಗುತ್ತದೆ, ಸತ್ತವರ ವಯಸ್ಸು ಬದಲಾಗುತ್ತದೆ, ಸಾಲುಗಳು ಮಾತ್ರ ಬದಲಾಗುವುದಿಲ್ಲ. ಈ ಮೂರು ಸಾಲನ್ನು ನಾನೇ ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಬರೆದು, ಚಹಾ ಕುಡಿದು, ಮುಂದಿನ ಸುದ್ದಿಗೆ ಹೋಗಿದ್ದೇನೆ. ನೀವೂ ಓದಿ, ಪುಟ ತಿರುವಿ, ಪೇಟೆ ಧಾರಣೆ ನೋಡಿದ್ದೀರಿ. ತಪ್ಪು ಇಬ್ಬರದೂ.

ಇವತ್ತು ಆ ಮೂರು ಸಾಲಿನ ಹಿಂದಿನ ಮಾತು ಬರೆಯುತ್ತೇನೆ. ಮನೆ ಬಿದ್ದ ಮೇಲೆ ಬರುವವರು ಬಹಳ ಮಂದಿ. ಬೀಳುವ ಮೊದಲು ಬರುವವರು ಯಾರಾದರೂ ಇದ್ದಾರೆಯೆ ಎಂಬುದು ಪ್ರಶ್ನೆ. ಇದ್ದಾರೆ ಅಂತ ನನಗೆ ಗೊತ್ತಾದದ್ದು ಒಂದು ಚರ್ಚಿನ ಹುಡುಗರ ಬೆನ್ನು ಹತ್ತಿ ಹೋದಾಗ.

ಹನ್ನೊಂದು ಹುಡುಗರು, ಆರು ಚೀಲ ಸಿಮೆಂಟು

ವಿಜಯಪುರದ ಒಂದು ಚರ್ಚಿನ ಯುವಕರ ತಂಡ ಡೋಣಿ ದಂಡೆಯ ಒಂದು ಹಳ್ಳಿಗೆ ಮನೆ ದುರಸ್ತಿಗೆ ಹೊರಟಿದೆ ಅಂತ ಸುದ್ದಿ ಬಂತು. ಮೇ ತಿಂಗಳ ಉರಿ ಬಿಸಿಲು. ಒಂದು ಫೋಟೋ ಹೊಡೆದು, ನಾಲ್ಕು ಸಾಲು ಬರೆದುಕೊಂಡು ಮಧ್ಯಾಹ್ನದ ಬಸ್ಸಿಗೆ ತಿರುಗಿ ಬರುವ ಎಣಿಕೆ ನನ್ನದು. ಹೋದವನು ಮೂರು ದಿನ ನಿಂತೆ.

ಹನ್ನೊಂದು ಮಂದಿ ಇದ್ದರು. ಏಳು ಹುಡುಗರು, ನಾಲ್ಕು ಹುಡುಗಿಯರು. ಐ.ಟಿ.ಐ. ಓದಿದವನೊಬ್ಬ, ನರ್ಸಿಂಗ್ ಕಲಿಯುವವಳೊಬ್ಬಳು, ಬಟ್ಟೆ ಅಂಗಡಿಯಲ್ಲಿ ದುಡಿಯುವವನೊಬ್ಬ, ಉಳಿದವರು ಕಾಲೇಜು. ಸರಕಾರಿ ಶಾಲೆಯ ಒಂದು ಕೋಣೆಯಲ್ಲಿ ಬಿಡಾರ. ಟೆಂಪೋದಲ್ಲಿ ಸಲಿಕೆ, ಬುಟ್ಟಿ, ಹಾರೆ, ಜೊತೆಗೆ ಆರು ಚೀಲ ಸಿಮೆಂಟು.

ಮೊದಲನೆ ಮನೆ ಕೇರಿಯ ಒಬ್ಬ ಮುದುಕಿಯದು. ಎಪ್ಪತ್ತು ದಾಟಿದ ಜೀವ. ಮಗ ಸೊಸೆ ಗೋವಾಕ್ಕೆ ದುಡಿಯಾಕ ಹೋಗಿದ್ದಾರೆ, ಮೊಮ್ಮಗ ಒಬ್ಬ ಆಕೆಯ ಹತ್ತಿರ. ಮನೆಯೆಂದರೆ ಒಂದು ಪಡಸಾಲೆ, ಒಂದು ಅಡಿಗೆ ಕೋಣೆ. ಮಣ್ಣಿನ ಗೋಡೆ, ಮಣ್ಣಿನ ಮಾಳಿಗೆ. ಮಾಳಿಗೆ ಮೂಲೆಯಲ್ಲಿ ಅರಳಿ ಸಸಿ ಹುಟ್ಟಿ ಗೋಡೆಯೊಳಗೆ ಬೇರು ಬಿಟ್ಟಿತ್ತು. ಮಳೆ ಬಂದರೆ ಎಲ್ಲಿ ಮಲಗತೀಯಮ್ಮಾ ಅಂದೆ. "ಸೋರದ ಜಾಗಾ ಹುಡಿಕ್ಯಾಡಿ ಮಲಗತೀವ್ರಿ. ಒಮ್ಮೊಮ್ಮೆ ಅದೂ ಸಿಗಂಗಿಲ್ಲ" ಅಂದಳು. ನಗುತ್ತಲೇ ಅಂದಳು. ನಾವು ಕೇಳುವವರಿಗೆ ನಗು ಬರಲಿಲ್ಲ.

ಹುಡುಗರು ಉತ್ಸಾಹದಿಂದ ಸಿಮೆಂಟು ಕಲಸಲು ಕುಳಿತರು. ಒಳಗೋಡೆಗೆ ಗಿಲಾವು ಮಾಡಿ, ಮಾಳಿಗೆಗೆ ಎರಡು ಬುಟ್ಟಿ ಹೊಸ ಮಣ್ಣು ಹಾಕಿದರೆ ಮುಗಿಯಿತು ಅಂತ ಅವರ ಲೆಕ್ಕ. ಅಷ್ಟರಲ್ಲಿ ಊರಿನ ಹಳೇ ಗೌಂಡಿ ಒಬ್ಬರು ಕೋಲೂರಿಕೊಂಡು ಬಂದರು. ಕೆಲಸ ಬಿಟ್ಟು ಹತ್ತು ವರ್ಷವಾಗಿದೆ, ಕಣ್ಣು ಮಾತ್ರ ಕೆಲಸ ಬಿಟ್ಟಿಲ್ಲ.

"ಏ ತಮ್ಮಾ, ಅದನ್ನ ಅಲ್ಲೇ ಇಡ್ರೋ. ಈ ಗ್ವಾಡಿ ಉಸರಾಡೋ ಗ್ವಾಡಿ ಅದ. ಸಿಮಿಂಟ್ ಬಳದ್ರ ಒಳಗಿನ ಹಸಿ ಒಳಗ ಉಳೀತದ. ಎರಡ ಮಳಿಗೆ ಸಿಮಿಂಟ್ ತನ್ನ ಜೋಡಿ ಗ್ವಾಡೀನೂ ಕಿತ್ತಕೊಂಡು ಕೆಳಗ ಬರ್ತದ."

"ಹಂಗಾದ್ರ ಮಾಳಿಗಿಗಿ ಮಣ್ಣ ಹಾಕೋಣೇನ್ರಿ ಕಾಕಾ?" ಅಂದ ಐ.ಟಿ.ಐ. ಹುಡುಗ.

"ಹಾಕೋದು ಆಮ್ಯಾಲ. ಮೊದಲ ಇಳಸ್ರಿ."

ಓದುಗರೇ, ಈ ಒಂದು ಮಾತಿನಲ್ಲಿ ಎಲ್ಲ ವಿದ್ಯೆ ಇದೆ. ಮಾಳಿಗೆ ಸೋರಿದಾಗಲೆಲ್ಲ ಜನ ಮೇಲೆ ಮಣ್ಣು ಹಾಕುತ್ತಾರೆ. ಹಳೇ ಮಣ್ಣು ಇಳಿಸುವುದಿಲ್ಲ. ಮೂವತ್ತು ವರ್ಷ ಹೀಗೆ ಹಾಕಿದರೆ ಏನಾಗುತ್ತದೆ? ಲೆಕ್ಕ ಮಾಡಿ ನೋಡ್ರಿ. ಹತ್ತು ಅಡಿ ಉದ್ದ, ಹತ್ತು ಅಡಿ ಅಗಲದ ಕೋಣೆಯ ಮೇಲೆ ಒಂದಡಿ ಮಣ್ಣು ಅಂದರೆ ನೂರು ಘನ ಅಡಿ. ನಮ್ಮ ಗೌಂಡಿಗಳ ಭಾಷೆಯಲ್ಲಿ ಒಂದು ಬ್ರಾಸ್. ಒಣಗಿದಾಗಲೇ ಅದರ ತೂಕ ಸುಮಾರು ನಾಲ್ಕೂವರೆ ಟನ್ನು. ನೆನೆದರೆ ಇನ್ನೂ ಹೆಚ್ಚು. ಆ ಮುದುಕಿಯ ಮಾಳಿಗೆ ಮೇಲೆ ಅಳೆದು ನೋಡಿದರೆ ಎರಡಡಿಗೆ ನಾಲ್ಕು ಬೆರಳು ಕಡಿಮೆ. ಅಂದರೆ ಎಂಟು ಟನ್ನಿನ ಕೆಳಗೆ ಅಜ್ಜಿ ಮೊಮ್ಮಗ ಚಾದರ ಹೊದ್ದು ಮಲಗುತ್ತಿದ್ದರು.

ಎರಡು ದಿನ ಮಣ್ಣು ಇಳಿಸಿದ್ದೇ ಕೆಲಸ. ಹುಡುಗ ಹುಡುಗಿಯರು ಸಾಲಾಗಿ ನಿಂತು ಬುಟ್ಟಿ ದಾಟಿಸಿದರು. ಮಣ್ಣು ಇಳಿದ ಮೇಲೆ ಕೆಳಗಿನ ಬಣ್ಣ ಬಯಲಾಯಿತು. ತೊಗರಿ ಕಟ್ಟಿಗೆಯ ಹಾಸು ಗೊಬ್ಬರವಾಗಿತ್ತು. ಜಂತಿಗಳಲ್ಲಿ ಮೂರನ್ನು ವರಲಿ ತಿಂದು ಒಳಗೆ ಬರೀ ಪೊಳ್ಳು. ಗೌಂಡಿ ಕಾಕಾ ಕೋಲಿನಿಂದ ಒಂದನ್ನು ತಟ್ಟಿದರು. ಬಿಸ್ಕೀಟಿನ ಹಾಗೆ ಮುರಿಯಿತು. "ಇದು ಹಸ್ತಾ ಮಳಿ ನೋಡ್ತಿರಲಿಲ್ಲ" ಅಂದರು. ಯಾರೂ ಮಾತಾಡಲಿಲ್ಲ.

ಮೂರನೆ ದಿನ ತೊಲೆಗೆ ಆಸರೆ ಕಂಬ ಕೊಟ್ಟು, ಹೊಸ ಬೇವಿನ ಜಂತಿ ಕೂಡಿಸಿ, ಮೇಲೆ ಕಟ್ಟಿಗೆ ಹಾಸಿ, ಬೇವಿನ ತಪ್ಪಲು ಹರವಿ, ಎಂಟು ಅಂಗುಲ ಮಣ್ಣು. ಕಟ್ಟಕಡೆಗೆ ಊರ ಹೊರಗಿನಿಂದ ತಂದ ಸವಳು ಮಣ್ಣಿನ ಒಂದು ಪದರು. ಹೊಲದ ಎರಿಮಣ್ಣು ಬೇಸಿಗೆಯಲ್ಲಿ ಬಿರಿಯುತ್ತದೆ, ಬಿರುಕಿನಲ್ಲಿ ನೀರು ಇಳಿಯುತ್ತದೆ. ಸವಳು ಮಣ್ಣು ಹಾಗಲ್ಲ. ನೀರು ಬಿದ್ದರೆ ಕರಗಿ ತನ್ನ ಸಂದನ್ನು ತಾನೇ ಮುಚ್ಚಿಕೊಳ್ಳುತ್ತದೆ, ನೀರು ಮೇಲಿಂದಲೇ ಹರಿದು ಹೋಗುತ್ತದೆ. ಬೆಳೆಗೆ ವೈರಿಯಾದ ಮಣ್ಣು ಮಾಳಿಗೆಗೆ ಬಂಧು. ಇದನ್ನು ನಮ್ಮ ಹಿರಿಯರು ಯಾವ ಇಂಜಿನಿಯರಿಂಗ್ ಕಾಲೇಜಿಗೂ ಹೋಗದೆ ಕಂಡುಕೊಂಡಿದ್ದರು. ನೀರು ಗೋಡೆ ಮೇಲೆ ಇಳಿಯದಂತೆ ಹರನಾಳಿಗೆಯನ್ನು ಗೋಡೆಯಿಂದ ಒಂದೂವರೆ ಅಡಿ ಮುಂದೆ ತೆಗೆದರು. ಅರಳಿ ಸಸಿ ಬೇರು ಸಮೇತ ಹೊರಗೆ.

ಖರ್ಚು ಎಷ್ಟು ಅಂತ ನಾನೇ ಚೀಟಿ ಕೂಡಿಸಿದೆ. ಜಂತಿ, ಹರನಾಳಿಗೆ, ಟ್ರ್ಯಾಕ್ಟರ್ ಬಾಡಿಗೆ, ಒಂದು ತಾಡಪತ್ರಿ, ಗೌಂಡಿ ಕಾಕಾನ ಕೂಲಿ (ಬೇಡ ಬೇಡ ಅಂದರೂ ಕೊಟ್ಟರು) ಎಲ್ಲ ಸೇರಿ ಎಂಟು ಸಾವಿರ ದಾಟಲಿಲ್ಲ. ಆರು ಚೀಲ ಸಿಮೆಂಟು ಶಾಲೆಯ ಸಂಡಾಸದ ಕಟ್ಟೆಗೆ ಹೋಯಿತು. ಅಲ್ಲಿ ಅದು ಬೇಕಾಗಿತ್ತು.

"ಯಾಕ ಬಂದೀರಿ?"

ಚರ್ಚಿನವರು ಅಂದ ಕೂಡಲೆ ಒಂದು ಮಾತು ಬರುತ್ತದೆ. ಅದನ್ನು ಮುಚ್ಚಿಟ್ಟು ಬರೆದರೆ ಈ ಲೇಖನಕ್ಕೆ ಬೆಲೆಯಿಲ್ಲ. ಮೊದಲನೆ ದಿನವೇ ಹನುಮಪ್ಪನ ಗುಡಿ ಕಟ್ಟೆಯ ಮೇಲೆ ಒಬ್ಬ ಯಜಮಾನರು ಹುಡುಗರನ್ನು ನಿಲ್ಲಿಸಿ ಕೇಳಿದರು.

"ಯಾಕ ಬಂದೀರಿ?"

"ಮಾಳಿಗಿ ಇಳಸಾಕ್ರಿ ಯಜಮಾನ್ರ."

"ಮತ್ತ?"

"ಮತ್ತ ಏರಸಾಕ್ರಿ."

ಕಟ್ಟೆಯ ಮೇಲಿದ್ದವರು ನಕ್ಕರು, ಯಜಮಾನರು ನಗಲಿಲ್ಲ. ನೇರವಾಗಿ ಹೇಳಿದರು: ಊರಾಗ ಪುಸ್ತಕ ಹಂಚಬಾರದು, ಪ್ರಾರ್ಥನಾ ಸಭೆ ಮಾಡಬಾರದು, ಗ್ವಾಡಿ ಮ್ಯಾಲ ನಿಮ್ಮ ಹೆಸರ ಬರೀಬಾರದು. ಹುಡುಗರು ಒಪ್ಪಿದರು. ಒಪ್ಪಿದ ಹಾಗೆ ನಡೆದರು. ಬೆಳಿಗ್ಗೆ ತಮ್ಮ ಕೋಣೆಯ ಬಾಗಿಲು ಮುಚ್ಚಿಕೊಂಡು ತಮ್ಮ ಪ್ರಾರ್ಥನೆ ತಾವು ಮಾಡಿಕೊಂಡರು, ಬಾಗಿಲು ತೆರೆದ ಮೇಲೆ ಬುಟ್ಟಿ ಹಿಡಿದರು.

ನನ್ನ ಅಭಿಪ್ರಾಯ ಇಷ್ಟೆ. ಅವರು ಹೊಟ್ಟೆಗಿಲ್ಲದವರ ಮನೆಗೆ ಒಂದು ಕೈಯಲ್ಲಿ ಜಂತಿ, ಇನ್ನೊಂದು ಕೈಯಲ್ಲಿ ಕರಪತ್ರ ಹಿಡಿದು ಹೋಗಿದ್ದರೆ ಇದೇ ಅಂಕಣದಲ್ಲಿ ಅವರನ್ನು ಝಾಡಿಸುತ್ತಿದ್ದೆ. ಪಕ್ಷದ ಬಾವುಟ ಕಟ್ಟಿಕೊಂಡು ಹೋದವರಿಗೂ, ಮಠದ ಬ್ಯಾನರು ಹಿಡಿದು ಹೋದವರಿಗೂ ಮಾತು ಅದೇ. ಆದರೆ ಬರೀ ಬುಟ್ಟಿ ಹಿಡಿದು ಬಂದವರನ್ನು "ಯಾರವರು?" ಅಂತ ಕೇಳಿ ಊರ ಹೊರಗೆ ನಿಲ್ಲಿಸಿದರೆ ಬೀಳುವುದು ಅವರ ಮನೆಯಲ್ಲ, ನಮ್ಮ ಮುದುಕಿಯ ಮನೆ.

ಇನ್ನೊಂದು ಮಾತು. ಅದು ಕೇರಿಯ ಮನೆ. ಹನ್ನೊಂದು ಮಂದಿಯೂ ಆ ಆಯಿಯ ಮಡಕೆಯ ನೀರು ಕುಡಿದರು, ಆಕೆ ಬಡಿದ ರೊಟ್ಟಿ ಶೇಂಗಾ ಹಿಂಡಿ ಹಚ್ಚಿಕೊಂಡು ತಿಂದರು. ಅದೇ ಊರಿನಲ್ಲಿ ಆಕೆಯ ಹೊಸ್ತಿಲು ಒಮ್ಮೆಯೂ ದಾಟದವರು ಎಷ್ಟು ಮಂದಿ ಅಂತ ಕೇಳಬೇಡಿ. ಬಸವಣ್ಣನವರು ಹುಟ್ಟಿದ ತಾಲೂಕು ಪಕ್ಕದಲ್ಲೇ ಇದೆ. ಕಾಯಕ, ದಾಸೋಹ ಅಂತ ವೇದಿಕೆ ಮೇಲೆ ಗಂಟೆಗಟ್ಟಲೆ ಮಾತಾಡುವ ನಮಗೆ ಅದು ನಾಚಿಕೆಯ ಲೆಕ್ಕ.

ಮೂರನೆ ದಿನ ಸಂಜೆ ಆ ಯಜಮಾನರೇ ಬಂದರು. ಏಣಿ ಹತ್ತಿ, ಮಾಳಿಗೆಯ ಇಳಿಜಾರು ನೋಡಿದರು. "ಹರನಾಳಿಗಿ ಇನ್ನ ನಾಕ ಬೆರಳ ಮುಂದ ತಗೀರಿ" ಅಂದು ಇಳಿದು ಹೋದರು. ಹುಡುಗರು ನಾಲ್ಕು ಬೆರಳು ಮುಂದೆ ತೆಗೆದರು.

ಬಿದ್ದರೆ ದುಡ್ಡು, ನಿಂತರೆ ಇಲ್ಲ

ಈಗ ಸರಕಾರದ ಮಾತಿಗೆ ಬರೋಣ. 2022ರಿಂದ 2026ರವರೆಗಿನ ಅವಧಿಗೆ ಕೇಂದ್ರ ಸರಕಾರ ಗೊತ್ತು ಮಾಡಿದ ವಿಪತ್ತು ಪರಿಹಾರದ ದರಪಟ್ಟಿ ನೋಡಿರಿ. ಬಯಲು ನಾಡಿನಲ್ಲಿ ಮನೆ ಪೂರ್ತಿ ಬಿದ್ದರೆ 1,20,000 ರೂಪಾಯಿ. ಕಚ್ಚಾ ಮನೆ ಶೇಕಡಾ 15ಕ್ಕಿಂತ ಕಡಿಮೆಯಿಲ್ಲದಂತೆ ಕೆಟ್ಟರೆ 4,000. ಮನುಷ್ಯ ಸತ್ತರೆ 4 ಲಕ್ಷ. ನಮ್ಮ ರಾಜ್ಯ ಸರಕಾರ ದೊಡ್ಡ ನೆರೆ ಬಂದ ವರ್ಷಗಳಲ್ಲಿ ತನ್ನ ಪಾಲು ಸೇರಿಸಿ ಇದಕ್ಕಿಂತ ಹೆಚ್ಚು ಕೊಟ್ಟದ್ದುಂಟು. ಒಳ್ಳೆಯದೇ. ಆದರೆ ಬೀಳಲಿಕ್ಕೆ ನಿಂತ ಮನೆಯನ್ನು ಬೀಳದ ಹಾಗೆ ಹಿಡಿಯಲು ಎಷ್ಟು? ಆ ಪಟ್ಟಿಯಲ್ಲಿ ಅದಕ್ಕೆ ಕಾಲಮ್ಮೇ ಇಲ್ಲ. ಎಂಟು ಸಾವಿರ ಕೊಟ್ಟು ಉಳಿಸಬಹುದಾದ ಜೀವಕ್ಕೆ, ಹೋದ ಮೇಲೆ 4 ಲಕ್ಷ ಕೊಡುವ ಲೆಕ್ಕ ಇದು. ಯಾವ ಕಿರಾಣಿ ಅಂಗಡಿಯವನೂ ಇಂಥ ವ್ಯಾಪಾರ ಮಾಡಲಿಕ್ಕಿಲ್ಲ.

ವಸತಿ ಯೋಜನೆಗಳದೂ ಅದೇ ಹಾಡು. 1985ರಲ್ಲಿ ಶುರುವಾದ ಇಂದಿರಾ ಆವಾಸ್ ಯೋಜನೆಯಲ್ಲಿ ಒಂದು ಕಾಲಕ್ಕೆ ಕಚ್ಚಾ ಮನೆ ಸುಧಾರಿಸಲೂ ಒಂದು ಪಾಲು ತೆಗೆದಿಟ್ಟಿದ್ದರು. 2016ರಲ್ಲಿ ಅದರ ಜಾಗಕ್ಕೆ ಬಂದ ಪ್ರಧಾನಮಂತ್ರಿ ಗ್ರಾಮೀಣ ಆವಾಸ್ ಯೋಜನೆ ಹೊಸ ಮನೆಯ ಯೋಜನೆ. ಹೊಸ ಮನೆಗೆ ಫಲಕ ಹಾಕಬಹುದು, ರಿಬ್ಬನ್ ಕತ್ತರಿಸಬಹುದು. ಹಳೇ ಮಾಳಿಗೆಯಿಂದ ಇಳಿಸಿದ ಮಣ್ಣಿಗೆ ಯಾವ ಸಾಹೇಬರು ಬಂದು ಹಾರ ಹಾಕುತ್ತಾರೆ?

ಇದರಿಂದ ಹಳ್ಳಿಯಲ್ಲಿ ಇನ್ನೊಂದು ಕೇಡು ಹುಟ್ಟಿದೆ. ಎರಡನೆ ಮನೆಯವರು ಮೊದಲು ಹುಡುಗರನ್ನು ಒಳಗೇ ಬಿಡಲಿಲ್ಲ. "ರಿಪೇರಿ ಮಾಡಿಸಿದ್ರ ಮನಿ ಮಂಜೂರ ಆಗಂಗಿಲ್ರಿ. ಹಿಂಗ ಇರ್ಲಿ" ಅಂದರು. ಹೊಸ ಮನೆಯ ಆಸೆಗೆ ಹಳೇ ಮನೆಯನ್ನು ಬೀಳಲು ಬಿಟ್ಟು ಕೂಡುವುದು! ಪಟ್ಟಿಯಲ್ಲಿ ಹೆಸರು ಬರುವ ಹೊತ್ತಿಗೆ ಹೆಸರಿನವರು ಇರಬೇಕಲ್ಲ? ಅಂಥವರಿಗೆ ಒಂದು ಮಾತು ಸ್ಪಷ್ಟವಾಗಿ ಹೇಳಬೇಕು: ಮಣ್ಣಿನ ಮಾಳಿಗೆಯನ್ನು ಮಣ್ಣಿನಿಂದಲೇ ದುರಸ್ತಿ ಮಾಡಿದರೆ ಅದು ಕಚ್ಚಾ ಮನೆಯಾಗಿಯೇ ಉಳಿಯುತ್ತದೆ. ಸರಕಾರದ ಅಳತೆಯಲ್ಲಿ ಮಣ್ಣಿನ ಗೋಡೆ, ಮಣ್ಣಿನ ಮಾಳಿಗೆ ಪಕ್ಕಾ ಅಲ್ಲ. ಜಂತಿ ಬದಲಿಸಿದ ಮಾತ್ರಕ್ಕೆ ಯಾರೂ ಅರ್ಹತೆ ಕಳೆದುಕೊಳ್ಳುವುದಿಲ್ಲ. ಈ ಮಾತನ್ನು ಪಂಚಾಯತಿ ಪಿ.ಡಿ.ಓ.ಗಳು ಡಂಗುರ ಹೊಡೆಸಿ ಹೇಳಿದರೆ ಅರ್ಧ ಭಯ ಹೋದೀತು.

"ಮಣ್ಣಿನ ಮನೆಯನ್ನು ಯಾಕೆ ಉಳಿಸಬೇಕು, ಎಲ್ಲರಿಗೂ ಸ್ಲ್ಯಾಬಿನ ಮನೆ ಕೊಟ್ಟುಬಿಡಲಿ" ಅನ್ನುವವರಿದ್ದಾರೆ. ಕೊಡಲಿ, ಬೇಡ ಅಂದವರು ಯಾರು? ಆದರೆ ಅಲ್ಲಿಯವರೆಗೆ ಮಳೆ ಕಾಯುವುದಿಲ್ಲ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳನ್ನು ನೆನೆಸಿಕೊಳ್ಳಿ. ಹಸ್ತಾ ಮಳೆ ಹಗಲು ರಾತ್ರಿ ಸುರಿದು ಉತ್ತರ ಕರ್ನಾಟಕದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಎಷ್ಟೋ ಮಂದಿ ಹೊಳೆಯಲ್ಲಿ ತೇಲಿ ಹೋದವರಲ್ಲ, ತಮ್ಮ ಮನೆಯ ಗೋಡೆಯ ಕೆಳಗೆ ಸಿಕ್ಕವರು. ಆಮೇಲೆ ಸರಕಾರ ದಾನಿಗಳನ್ನು ಕೂಡಿಸಿ ಆಸರೆ ಮನೆ ಕಟ್ಟಿಸಿತು. ಕೆಲವು ಕಡೆ ಜನ ಹೋದರು. ಕೆಲವು ಕಡೆ ಹೊಲ ದೂರ, ದನ ಕಟ್ಟಲು ಜಾಗವಿಲ್ಲ ಅಂತ ಹೋಗಲೇ ಇಲ್ಲ, ಹಳೇ ಗೋಡೆಗೇ ತಿರುಗಿ ಬಂದರು. ಊರ ಹೊರಗಿನ ಆಸರೆ ಬೇರೆ, ತೊಲೆಯ ಕೆಳಗಿನ ಆಸರೆ ಬೇರೆ. ನಮಗೆ ಎರಡೂ ಬೇಕು.

ನಾಲ್ಕು ತಾಲೂಕಿನ ನಾಲ್ಕು ಕಥೆ

ಇಂಡಿ, ಸಿಂದಗಿ ಕಡೆ ಭೀಮೆಯ ಕಾಟ. 2020ರ ಅಕ್ಟೋಬರಿನಲ್ಲಿ ಮಹಾರಾಷ್ಟ್ರದ ಅಣೆಕಟ್ಟೆಗಳಿಂದ ನೀರು ಬಿಟ್ಟು ಭೀಮಾ ದಂಡೆಯ ಊರುಗಳು ನೀರಿನಲ್ಲಿ ನಿಂತವು. ನೀರು ಇಳಿಯಿತು, ನಾಯಕರು ಇಳಿದು ಹೋದರು. ಆದರೆ ನೆನೆದ ಮಣ್ಣಿನ ಗೋಡೆ ಒಣಗಿದಂತೆ ಕಂಡರೂ ಬುಡ ಸಡಿಲಾಗಿರುತ್ತದೆ. ಎರಡು ವರ್ಷದ ಮೇಲೆ ಸಣ್ಣ ಜಿಟಿಜಿಟಿ ಮಳೆಗೆ ಬಿದ್ದರೆ ಅದು ನೆರೆಯ ಲೆಕ್ಕಕ್ಕೆ ಬರುವುದಿಲ್ಲ.

ಮುದ್ದೇಬಿಹಾಳ, ತಾಳಿಕೋಟೆ ಕಡೆ ಡೋಣಿ. ಡೋಣಿ ಬೆಳೆದರೆ ಓಣೆಲ್ಲ ಜೋಳ ಅಂತ ಗಾದೆ. ಅದೇ ಡೋಣಿ ಸೊಕ್ಕಿದರೆ ಓಣೆಲ್ಲ ಕೆಸರು. ಆ ಕಡೆ ಫರಸಿ ಕಲ್ಲು ಸಿಗುವುದರಿಂದ ಗೋಡೆ, ಮಾಳಿಗೆಗೆ ಕಲ್ಲು ಬಳಸಿದ ಮನೆಗಳೂ ಇವೆ. ಕಲ್ಲು ಗಟ್ಟಿ, ನಡುವಿನ ಮಣ್ಣು ಗಟ್ಟಿಯಲ್ಲ.

ಬಸವನ ಬಾಗೇವಾಡಿ ಕಡೆ ಆಲಮಟ್ಟಿಯ ಹಿನ್ನೀರು. ಹಳೇ ಕೊಲ್ಹಾರ ಹೋಗಿ ಹೊಸ ಕೊಲ್ಹಾರ ಬಂದದ್ದು ನಮ್ಮ ಕಣ್ಣೆದುರಿಗೆ. 2010ರಲ್ಲಿ ಕೃಷ್ಣಾ ನ್ಯಾಯಮಂಡಳಿ ಆಣೆಕಟ್ಟೆಯಲ್ಲಿ 524.256 ಮೀಟರಿಗೆ ನೀರು ನಿಲ್ಲಿಸಲು ಒಪ್ಪಿದ ಮೇಲೆ ದಂಡೆಯ ಹಳ್ಳಿಗಳದ್ದು ತ್ರಿಶಂಕು ಸ್ಥಿತಿ. ನಾಳೆ ಮುಳುಗುವ ಮನೆಗೆ ಇವತ್ತು ಯಾರು ಜಂತಿ ಹಾಕುತ್ತಾರೆ? ಆ "ನಾಳೆ" ವರ್ಷಗಟ್ಟಲೆ ಬರುವುದಿಲ್ಲ, ಮಳೆ ಮಾತ್ರ ಪ್ರತಿ ವರ್ಷ ಬರುತ್ತದೆ.

ಇದರ ಮೇಲೆ ಭೂಮಿಯ ಮಾತು. 2021, 2022ರಲ್ಲಿ ಬಸವನ ಬಾಗೇವಾಡಿ ಕಡೆ ಭೂಮಿ ಸಣ್ಣಗೆ ನಡುಗಿ ಜನ ಮನೆ ಬಿಟ್ಟು ಹೊರಗೆ ಬಂದದ್ದು ಮರೆತಿಲ್ಲ ತಾನೆ? 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಲಾತೂರ ಜಿಲ್ಲೆಯ ಕಿಲ್ಲಾರಿಯ ಸುತ್ತಮುತ್ತ ಹತ್ತಿರ ಹತ್ತಿರ ಹತ್ತು ಸಾವಿರ ಜನ ಸತ್ತದ್ದು ಯಾಕೆ? ಅಲ್ಲಿಯ ಮನೆಗಳೂ ನಮ್ಮ ಮನೆಗಳ ಹಾಗೆಯೇ. ಮಣ್ಣು ಕಲ್ಲಿನ ದಪ್ಪ ಗೋಡೆ, ಮೇಲೆ ಒಂದಡಿ ಎರಡಡಿ ಮಣ್ಣು ಹೊತ್ತ ಮಾಳಿಗೆ. ಆಮೇಲೆ ತಜ್ಞರು ಉಳಿದ ಮನೆಗಳಿಗೆ ಹೇಳಿದ ದುರಸ್ತಿಯ ಮಾತುಗಳಲ್ಲಿ ಮುಖ್ಯವಾದದ್ದೊಂದು, ಮಾಳಿಗೆಯ ಮಣ್ಣಿನ ಭಾರ ಇಳಿಸಿರಿ ಎಂಬುದು. ನಮ್ಮ ಗೌಂಡಿ ಕಾಕಾ ಕೋಲೂರಿಕೊಂಡು ಹೇಳಿದ್ದೂ ಅದನ್ನೇ.

ಮುಯ್ಯಿ ಎಲ್ಲಿ ಹೋಯಿತು?

ಮೊದಲು ಇದಕ್ಕೆಲ್ಲ ಚರ್ಚೂ ಬೇಕಿರಲಿಲ್ಲ, ಸರಕಾರವೂ ಬೇಕಿರಲಿಲ್ಲ. ಮುಯ್ಯಿ ಇತ್ತು. ಇವತ್ತು ನನ್ನ ಮಾಳಿಗೆಗೆ ನೀನು, ನಾಳೆ ನಿನ್ನ ಮಾಳಿಗೆಗೆ ನಾನು. ಸುಗ್ಗಿ ಮುಗಿದು ರೋಹಿಣಿ ಕೂಡುವುದರೊಳಗೆ ಓಣಿಯ ಮಾಳಿಗೆಗಳೆಲ್ಲ ಮಣ್ಣು ಕಂಡಿರುತ್ತಿದ್ದವು. ಈಗ ಬುಟ್ಟಿ ಹೊರುವ ಕೈಗಳು ಗೋವಾ, ಪುಣೆ, ಮುಂಬಯಿಯಲ್ಲಿ ಬೇರೆಯವರ ಮನೆ ಕಟ್ಟುತ್ತಿವೆ. ತಾಂಡಾಗಳಲ್ಲಂತೂ ಎಷ್ಟೋ ಮನೆಯಲ್ಲಿ ಉಳಿದವರು ಮುದುಕರು, ಮಕ್ಕಳು. ಏಣಿ ಇದೆ, ಹತ್ತುವ ಕಾಲಿಲ್ಲ.

ಹಾಗಾದರೆ ಹೊರಗಿನ ಹುಡುಗರೇ ಬರಬೇಕು. ಇದು ಹೊಸ ಮಾತಲ್ಲ. ಪಿಯರ್ ಸೆರೆಸೋಲ್ ಎಂಬ ಸ್ವಿಟ್ಜರ್ಲೆಂಡಿನ ಇಂಜಿನಿಯರು ಮೊದಲ ಮಹಾಯುದ್ಧ ಮುಗಿದ ಮೇಲೆ, 1920ರಲ್ಲಿ, ಫ್ರಾನ್ಸಿನ ವೆರ್ದುನ್ ಹತ್ತಿರದ ಒಂದು ಹಾಳಾದ ಹಳ್ಳಿಯನ್ನು ಎತ್ತಿ ನಿಲ್ಲಿಸಲು ಸ್ವಯಂಸೇವಕರನ್ನು ಕರೆದುಕೊಂಡು ಹೋದರು. ಅದೇ ಮನುಷ್ಯ 1934ರ ಬಿಹಾರ ಭೂಕಂಪದ ಸುದ್ದಿ ಕೇಳಿ ನಮ್ಮ ದೇಶಕ್ಕೆ ಬಂದು ಹಳ್ಳಿ ಕಟ್ಟಲು ನಿಂತರು. ಅಮೇರಿಕದ ಬಡ ಗುಡ್ಡಗಾಡು ಅಪಲಾಚಿಯಾದಲ್ಲಿ ಟೆಕ್ಸ್ ಇವಾನ್ಸ್ ಎಂಬ ಮೆಥಡಿಸ್ಟ್ ಪಾದ್ರಿ 1969ರಲ್ಲಿ ಐವತ್ತರಷ್ಟು ಮಂದಿಯನ್ನು ಕರೆದುಕೊಂಡು ಹೋಗಿ ಮನೆ ದುರಸ್ತಿ ಶುರು ಮಾಡಿದರು. ಅಲ್ಲಿಂದ ಇಲ್ಲಿಯವರೆಗೆ ಚರ್ಚಿನ ಹುಡುಗರು ಪ್ರತಿ ಬೇಸಿಗೆ ಅಲ್ಲಿಗೆ ಹೋಗುತ್ತಾರೆ.

ಅದೇ 1969ನೇ ಇಸವಿ ಸೆಪ್ಟೆಂಬರ್ 24ರಂದು, ಗಾಂಧೀಜಿಯ ಜನ್ಮ ಶತಮಾನೋತ್ಸವದ ವರ್ಷ, ನಮ್ಮಲ್ಲಿ ರಾಷ್ಟ್ರೀಯ ಸೇವಾ ಯೋಜನೆ ಹುಟ್ಟಿತು. 37 ವಿಶ್ವವಿದ್ಯಾಲಯ, 40,000 ವಿದ್ಯಾರ್ಥಿಗಳು. ಇವತ್ತು ನಮ್ಮ ನಾಲ್ಕೂ ತಾಲೂಕಿನ ಕಾಲೇಜುಗಳಲ್ಲಿ ಎನ್.ಎಸ್.ಎಸ್. ಘಟಕಗಳಿವೆ. ವರ್ಷಕ್ಕೆ 120 ತಾಸು ಸೇವೆ, ಏಳು ದಿನದ ವಿಶೇಷ ಶಿಬಿರ. ಆ ಏಳು ದಿನ ಏನು ನಡೆಯುತ್ತದೆ ಅಂತ ನನಗಿಂತ ನಿಮಗೆ ಗೊತ್ತು. ಮೊದಲ ದಿನ ಉದ್ಘಾಟನೆ, ಕೊನೆಯ ದಿನ ಸಮಾರೋಪ. ನಡುವೆ ಜಾಥಾ, ಉಪನ್ಯಾಸ, ಶಾಲೆಯ ಅಂಗಳದ ಕಸ, ಹೋದ ವರ್ಷ ನೆಟ್ಟ ತಗ್ಗಿನಲ್ಲೇ ಈ ವರ್ಷದ ಸಸಿ. ಎಲ್ಲರೂ ಹೀಗೆ ಅಂತಲ್ಲ, ಬೆವರು ಸುರಿಸುವ ಶಿಬಿರಗಳೂ ಇವೆ. ಆದರೆ ಒಂದು ಶಿಬಿರದ ಐವತ್ತು ಹುಡುಗರು ಮನಸ್ಸು ಮಾಡಿದರೆ ಏಳು ದಿನದಲ್ಲಿ ಎಂಟು ಹತ್ತು ಮಾಳಿಗೆ ಇಳಿಸಿ ಏರಿಸಬಹುದು.

ಮಾಡಬೇಕಾದ್ದು ಇಷ್ಟು

ಉಪದೇಶ ಸಾಕು, ಕೆಲಸದ ಮಾತು ಹೇಳುತ್ತೇನೆ.

ಒಂದು: ಯಾರ ಮನೆ ಮೊದಲು ಎಂಬುದನ್ನು ಪುಢಾರಿಗಳ ಕೈಗೆ ಕೊಡಬೇಡಿ. ಪಟ್ಟಿ ತಯಾರಾಗುವ ಹೊತ್ತಿಗೆ ಮೆಂಬರನ ಷಡ್ಡಕನ ಮನೆ ಮೇಲೆ ಬಂದಿರುತ್ತದೆ. ಆಶಾ ಕಾರ್ಯಕರ್ತೆಯನ್ನು ಕೇಳಿ, ಅಂಗನವಾಡಿ ಅಕ್ಕನನ್ನು ಕೇಳಿ. ಮನೆ ಮನೆ ತಿರುಗುವ ಅವರಿಗೆ ಯಾವ ಬಾಣಂತಿ ಯಾವ ಮೂಲೆಯಲ್ಲಿ ಮಲಗಿದ್ದಾಳೆ, ಆ ಮೂಲೆ ಸೋರುತ್ತದೆಯೆ ಎಂಬುದು ಗೊತ್ತು. ಚರ್ಚಿನ ಹುಡುಗರು ಹಾಗೇ ಮಾಡಿದ್ದರು.

ಎರಡು: ಗೌಂಡಿ, ಬಡಿಗ ಇಲ್ಲದೆ ಏಣಿ ಹತ್ತಬೇಡಿ. ಒಳ್ಳೆಯ ಮನಸ್ಸು ತೊಲೆಯನ್ನು ಎತ್ತಿ ಹಿಡಿಯುವುದಿಲ್ಲ. ಆಸರೆ ಕಂಬ ಕೊಡದೆ ಜಂತಿ ಮುಟ್ಟಬೇಡಿ. ಹಳ್ಳಿಯ ಹಳೇ ಗೌಂಡಿಗಳು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ಅವರ ವಿದ್ಯೆ ಹುಡುಗರ ಕೈಗೆ ಬಂದರೆ ಅದು ಬೇರೆಯೇ ಲಾಭ.

ಮೂರು: ಶಿಬಿರವನ್ನು ಚಳಿಗಾಲದಲ್ಲೋ ಮಳೆಗಾಲದಲ್ಲೋ ಇಡಬೇಡಿ. ಮಾಳಿಗೆ ಕೆಲಸದ ಕಾಲ ಸುಗ್ಗಿ ಆದ ಮೇಲೆ, ರೋಹಿಣಿ ಕೂಡುವ ಮೊದಲು. ಬೆಳಿಗ್ಗೆ ಆರರಿಂದ ಹತ್ತು, ಸಂಜೆ ನಾಲ್ಕರಿಂದ ಏಳು. ನಡುವಿನ ಬಿಸಿಲು ಎನ್.ಎಸ್.ಎಸ್.ಗೂ ಚರ್ಚಿಗೂ ರಿಯಾಯತಿ ಕೊಡುವುದಿಲ್ಲ.

ನಾಲ್ಕು: ಒಂದು ಸಲ ಹೋಗಿ ಫೋಟೋ ತೆಗೆಸಿಕೊಂಡು ಬರುವುದಾದರೆ ಹೋಗಲೇಬೇಡಿ. ಮಾಳಿಗೆ ಪ್ರತಿ ವರ್ಷ ಕೈ ಕೇಳುತ್ತದೆ. ಒಂದು ಕಾಲೇಜು, ಒಂದು ಚರ್ಚು, ಒಂದು ಮಠ, ಒಂದು ಮಸೀದಿಯ ಕಮಿಟಿ ಎರಡೆರಡು ಹಳ್ಳಿ ಹಿಡಿದುಕೊಳ್ಳಲಿ, ಅದೇ ಹಳ್ಳಿಗೆ ಐದು ವರ್ಷ ಹೋಗಲಿ.

ಐದು: ಗ್ರಾಮ ಪಂಚಾಯತಿಯವರು ಟ್ರ್ಯಾಕ್ಟರಿನ ಬಾಡಿಗೆ, ನಾಲ್ಕು ಜಂತಿಯ ದುಡ್ಡು ಹೊಂದಿಸಲಿ. ಅದು ಭಿಕ್ಷೆಯಲ್ಲ. ಆ ದುಡ್ಡು ಉಳಿಸಿ ಏನು ಮಾಡುತ್ತೀರಿ? ನಾಳೆ ಪಂಚನಾಮೆಗೆ ಜೀಪು ಕಳಿಸುತ್ತೀರಿ, ಅಷ್ಟೆ.

ಕೊನೆಗೊಂದು ಮಾತು. ಆ ಹಳ್ಳಿಯ ಪಟ್ಟಿಯಲ್ಲಿ ಒಂಬತ್ತು ಮನೆ ಇದ್ದವು. ಐದು ದಿನದಲ್ಲಿ ಹುಡುಗರಿಂದ ಆದದ್ದು ಎರಡು. ರಜೆ ಮುಗಿಯಿತು, ದುಡ್ಡು ಮುಗಿಯಿತು, ತಿರುಗಿ ಬಂದರು. ಸೆಪ್ಟೆಂಬರಿನಲ್ಲಿ ನಾಲ್ಕು ದಿನ ಜಿಟಿಜಿಟಿ ಮಳೆ ಹಿಡಿದಾಗ ನನಗೆ ನಿದ್ದೆ ಬರಲಿಲ್ಲ. ಊರಿನ ಆಶಾ ತಾಯಿಗೆ ಫೋನು ಮಾಡಿದೆ. ಮುದುಕಿಯ ಮನೆ ನಿಂತಿದೆ, ಒಂದು ಹನಿ ಸೋರಿಲ್ಲ ಅಂದರು. ಪಟ್ಟಿಯಲ್ಲಿದ್ದ ಐದನೆ ಮನೆಯ ಗೋಡೆ ರಾತ್ರಿ ಒಳಗೆ ಬಿತ್ತು. ಮನೆಯ ಮುದುಕ ಹೆದರಿ ಶಾಲೆಗೆ ಮಲಗಲು ಹೋಗಿದ್ದರಿಂದ ಉಳಿದ. ಎರಡು ಆಡು ಸತ್ತವು.

ಆಡು ಸತ್ತದ್ದಕ್ಕೆ ಮೂರು ಸಾಲೂ ಸಿಗುವುದಿಲ್ಲ. ಹಾಗಾಗಿ ಆ ಸುದ್ದಿ ಈ ಪತ್ರಿಕೆಯಲ್ಲಿ ಬರಲಿಲ್ಲ. ಈಗ ಇಲ್ಲಿ ಬರೆದಿದ್ದೇನೆ. ಉಳಿದ ಆರು ಮನೆ ಹಾಗೇ ನಿಂತಿವೆ. ಊರಿನ ಹೆಸರು, ಗೌಂಡಿ ಕಾಕಾನ ಮನೆಯ ದಾರಿ ನನಗೆ ಗೊತ್ತು. ಬುಟ್ಟಿ ಹಿಡಿಯುವ ಮನಸ್ಸಿದ್ದವರು ಪತ್ರಿಕೆಯ ಕಚೇರಿಗೆ ಬಂದು ಕೇಳಿರಿ, ಹೇಳುತ್ತೇನೆ. ಯಾವ ಜಾತಿ, ಯಾವ ದೇವರು ಅಂತ ನಾನು ಕೇಳುವುದಿಲ್ಲ. ಏಣಿ ಹತ್ತಲು ಬರುತ್ತದೆಯೆ ಅಂತ ಮಾತ್ರ ಕೇಳುತ್ತೇನೆ.